ರೇವಮ್ಮನ ಬಳೆ, ತುಕಾರಾಮನ ಬೆರಳು

ಅಕ್ಕಲಕೋಟೆಯಲ್ಲಿ ಗೋಡೆಗೊಂದು ತೂತು ಬೇಕೆಂದರೆ ಜನ ರೇವಮ್ಮನಿಗೆ ಫೋನು ಮಾಡುತ್ತಾರೆ. ಪರದೆಯ ಪೈಪು, ಟಿವಿಯ ಸ್ಟ್ಯಾಂಡು, ಬಚ್ಚಲ ಕನ್ನಡಿ, ಬಾಗಿಲ ಮೇಲಿನ ಹೆಸರಿನ ಹಲಗೆ, ಏನಾದರೂ ಸರಿ. ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಿಂದ ಆಕೆ ಡ್ರಿಲ್ ಮಷಿನ್ನಿನ ಡಬ್ಬಿ ಹಿಡಿದು ಬರುತ್ತಾಳೆ. ಬಂದವಳು ಬರ್‍ರೆಂದು ತೂತು ಹಾಕಿ ಹೊರಟುಬಿಡುತ್ತಾಳೆ ಎಂದು ತಿಳಿದವರು ಮಾತ್ರ ಕೆಟ್ಟರು.

ಮೊದಲು ಆಕೆ ಗೋಡೆ ನೋಡುತ್ತಾಳೆ. ಸ್ವಿಚ್ ಬೋರ್ಡು ಎಲ್ಲಿದೆ, ಅದರ ನೇರಕ್ಕೆ ಮೇಲೆ ಕೆಳಗೆ ವೈರು ಹೋಗಿರಬಹುದೇ, ಗೋಡೆಯ ಆಚೆ ಮಗ್ಗುಲು ಬಚ್ಚಲೇ, ನೀರಿನ ಪೈಪು ಎತ್ತ ಹಾದಿದೆ, ಎಲ್ಲ ವಿಚಾರಿಸುತ್ತಾಳೆ. ಆಮೇಲೆ ಮಷಿನ್ನಿನ ವೈರನ್ನು ಬೆರಳ ಸಂದಿಯಲ್ಲಿ ತುದಿಯಿಂದ ತುದಿಗೆ ಎಳೆದು, ಎಲ್ಲಾದರೂ ಸಿಪ್ಪೆ ಎದ್ದಿದೆಯೇ ಎಂದು ತಡವಿ ನೋಡುತ್ತಾಳೆ. ಪ್ಲಗ್ ಇನ್ನೂ ಹೊರಗಿರುವಾಗಲೇ ಗೋಡೆ ಕೊರೆಯುವ ಬಿಟ್ ಕೂಡಿಸಿ, ಚಾವಿ ಹಾಕಿ ಬಿಗಿದು, ಮರೆಯದೆ ಚಾವಿ ಹೊರತೆಗೆಯುತ್ತಾಳೆ. ಸೆರಗು ಸೊಂಟಕ್ಕೆ. ತಾಳಿ ರವಿಕೆಯ ಒಳಗೆ. ತಲೆಗೆ ಹುಬ್ಬಿನವರೆಗೆ ಒಂದು ವಸ್ತ್ರ, ಮೂಗಿಗೆ ಇನ್ನೊಂದು, ಕಣ್ಣಿಗೆ ಅಗಲವಾದ ಕನ್ನಡಕ. ನೋಡುವವರಿಗೆ ತಾಳ್ಮೆ ಎಲ್ಲಿಂದ ಬರಬೇಕು?

"ಏ ಬಾಯಿ, ಒಂದ ತೂತಿಗಿ ಇಷ್ಟ ತಯಾರಿ ಏನ?" ಎನ್ನುತ್ತಾರೆ.

"ತೂತ ಗ್ವಾಡಿಗಿ ಬೀಳಲಿ ರೀ. ನನಗ ಬ್ಯಾಡ," ಎನ್ನುತ್ತಾಳೆ ರೇವಮ್ಮ.

ಅಷ್ಟೂ ಆದ ಮೇಲೆ ಉಳಿಯುವುದು ಬಳೆ. ಗೋಳಾದದ್ದೆಲ್ಲ ಆ ಬಳೆಯಿಂದಲೇ.

ಮಷಿನ್ನು ಮೂಲತಃ ಗಂಡ ತುಕಾರಾಮನದು. ತುಕಾರಾಮ ಕರಜಗಿಯವನು, ಕುರಿ ಸಾಕಿದ ಮನೆತನ, ಕುರಿಗಾರರ ದೇವರು ಬಿರೋಬಾನ ಒಕ್ಕಲು. ಕುರಿಗಳು ತನ್ನ ಮಾತು ಕೇಳುವುದಿಲ್ಲವೆಂದು ಸಿಟ್ಟು ಮಾಡಿಕೊಂಡು ಅವುಗಳನ್ನು ಅಣ್ಣಂದಿರಿಗೆ ಬಿಟ್ಟು, ಗುಂಡಿ ಒತ್ತಿದರೆ ತಿರುಗುವ, ಬಿಟ್ಟರೆ ನಿಲ್ಲುವ ಒಂದು ವಸ್ತುವನ್ನು ಕೊಂಡುಕೊಂಡು ಅಕ್ಕಲಕೋಟೆಗೆ ಬಂದ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಹುಂಬ. ಪ್ಲಗ್ ಒಳಗಿರುವಾಗಲೇ ಬಿಟ್ ಬದಲಿಸುವನು, ಒಂದು ಕೈಯಲ್ಲಿ ಮಷಿನ್ ಹಿಡಿದು ಇನ್ನೊಂದು ಕೈಯಲ್ಲಿ ಚಹಾ ಕುಡಿಯುವನು. ವಾಗದರಿಯ ರೈತರ ಮನೆಯಿಂದ ಬಂದ ರೇವಮ್ಮ ಕಣದಲ್ಲಿ ರಾಶಿಯಂತ್ರಕ್ಕೆ ಒಬ್ಬನ ಧೋತರ ಸಿಕ್ಕಿದ್ದನ್ನು ಸಣ್ಣವಳಿದ್ದಾಗ ಕಂಡವಳು. ಹೇಳಿ ಹೇಳಿ ಆಕೆಯ ಬಾಯಿ ಸೋತಿತು.

ಒಂದು ಸಲ ಕರಜಗಿಯಲ್ಲಿ ದೇವರ ಕಾರ್ಯ ನಡೆದಾಗ ಹಿರಿಯರು ತುಕಾರಾಮನ ಬಲಗೈಗೆ ಭಂಡಾರ ಹಚ್ಚಿದ ಕರಿ ಉಣ್ಣೆಯ ಕಂಕಣ ಕಟ್ಟಿದರು. ಅಮಾವಾಸ್ಯೆಗೆ ಗುಡಿಗೆ ಬಂದೇ ಬಿಚ್ಚಬೇಕು, ನಡುವೆ ಕೈ ಹಚ್ಚುವಂತಿಲ್ಲ ಎಂದರು. ಕಂಕಣದ ಬಾಲ ಗೇಣುದ್ದ ಜೋತಾಡುತ್ತಿತ್ತು.

"ಮಷಿನ್ ಹಿಡಿಯೂ ಮುಂದ ಅದನ್ನ ಬಿಚ್ಚಿ ಇಡ್ರಿ," ಎಂದಳು ರೇವಮ್ಮ.

"ದೇವರ ಕಂಕಣ. ಬಿಚ್ಚಂಗಿಲ್ಲ."

"ಹಂಗಾರ ಅಮಾಸಿ ತನಕ ಮಷಿನ್ ಮುಟ್ಟಬ್ಯಾಡ್ರಿ."

"ಬಿರೋಬಾ ನೋಡ್ಕೋತಾನ," ಎಂದ ತುಕಾರಾಮ, ಬಾಲವನ್ನು ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಹೊರಟುಹೋದ.

ಬಿರೋಬಾ ನೋಡಿಕೊಂಡನೋ, ಬರೀ ನೋಡುತ್ತ ನಿಂತನೋ, ಹೇಳುವವರಿಲ್ಲ. ನಾಗಣಸೂರದ ಒಂದು ಮನೆಯಲ್ಲಿ ಬಾಲ ಪಟ್ಟಿಯಿಂದ ಜಾರಿ ತಿರುಗುತ್ತಿದ್ದ ಬಿಟ್ಟಿಗೆ ಸುತ್ತಿಕೊಂಡಿತು. ಹತ್ತಿಯ ದಾರವಾಗಿದ್ದರೆ ಪಟ್ಟನೆ ಹರಿದು ಹೋಗುತ್ತಿತ್ತು. ಇದು ಮನೆಯ ಕುರಿಯ ಉಣ್ಣೆ, ಸ್ವಂತ ಸೋದರಮಾವ ತೊಡೆಯ ಮೇಲೆ ಹೊಸೆದದ್ದು. ಹರಿಯಲಿಲ್ಲ. ಮುಂಗೈಯನ್ನು ಎಳೆದು ತಿರುಚಿತು. ಸೊಲ್ಲಾಪುರದ ಡಾಕ್ಟರು ಎಲುಬು ಕೂಡಿಸಿದರು, ತೋರುಬೆರಳು ಮತ್ತು ನಡುಬೆರಳಿನ ನರಕ್ಕೆ ಮಾತ್ರ ಏನೂ ಮಾಡಲಾಗಲಿಲ್ಲ. ಆ ಎರಡು ಬೆರಳು ಅಂದಿನಿಂದ ಮಡಚುವುದಿಲ್ಲ, ಸದಾ ಮುಂದಕ್ಕೆ ಚಾಚಿಕೊಂಡಿರುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ಅವನು ಸುಮ್ಮನೆ ನಿಂತಿದ್ದರೂ ಪರವೂರಿನವರು ಅವನು ತೋರಿಸಿದ ಕಡೆಗೆ ಹೊರಳಿ ನೋಡುತ್ತಾರೆ.

ನೋಡಲು ಬಂದ ಬೀಗರಿಗೆಲ್ಲ ತುಕಾರಾಮನ ಅಕ್ಕ ಸುಗಲಾಬಾಯಿ ಒಂದೇ ಮಾತು ಹೇಳಿದಳು. "ಮಷಿನ್ ಬಂದ್ ಬಿದ್ದದ, ಖರೆ ನಮ್ಮ ಉಣ್ಣಿ ಹರದಿಲ್ಲ ನೋಡ್ರಿ!" ಬಂದವರು ಹೌದೌದೆಂದು ತಲೆಯಾಡಿಸಿದರು. ರೇವಮ್ಮನಿಗೆ ಮೈಯೆಲ್ಲ ಉರಿದುಹೋಯಿತು, ಆದರೂ ಹಿರಿಯ ನಾದಿನಿಗೆ ಏನು ಹೇಳುವುದು? ಚಹಾ ಕೊಟ್ಟಳು.

ಗಂಡ ಮಂಚ ಹಿಡಿದು ಕೂತ. ಟ್ರಂಕಿನಲ್ಲಿದ್ದ ಮಷಿನ್ನನ್ನು ರೇವಮ್ಮ ಹೊರಗೆ ತೆಗೆದಳು. ಹಿತ್ತಲ ಗೋಡೆಯ ಮೇಲೆ ಕಲಿತಳು, ಆ ಗೋಡೆಯ ಮುಖ ಇವತ್ತಿಗೂ ನೋಡುವಂತಿಲ್ಲ. ತುಕಾರಾಮ ಮಂಚದ ಮೇಲಿಂದಲೇ ಎರಡು ಬೆರಳು ಚಾಚಿ ಪಾಠ ಹೇಳಿದ. ತಾನು ಒಂದು ದಿನವೂ ಪಾಲಿಸದ ರೀತಿ ರಿವಾಜುಗಳೆಲ್ಲ ಅವನಿಗೆ ಬಾಯಿಪಾಠ ಇದ್ದವು. "ಎರಡೂ ಕೈಲೆ ಹಿಡಿ. ಮೈಭಾರ ಹಾಕಿ ಒತ್ತಬ್ಯಾಡ, ಮಷಿನ್ನಿಗೆ ಸಾವಕಾಶ ತಿನ್ನಾಕ ಬಿಡು. ನಡುನಡುವ ಹೊರಗ ಎಳದು ಧೂಳ ಝಾಡಿಸು. ಕೈಗವಸ ಗೀಗವಸ ಹಾಕ್ಕೋಬ್ಯಾಡ, ಸಿಕ್ಕೊಂಡ್ರ ಬೆರಳ ಸಮೇತ ಹೋಗ್ತದ."

"ಇಷ್ಟೆಲ್ಲಾ ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ತು."

ರೇವಮ್ಮ ಗೋಡೆಯ ಕಡೆ ತಿರುಗಿ ಎರಡೂ ಕೈಯಲ್ಲಿ ಮಷಿನ್ ಹಿಡಿದಳು.

ಮಷಿನ್ನನ್ನು ಆಕೆ ಹಸುಗೂಸಿನ ಹಾಗೆ ನೋಡಿಕೊಂಡಳು. ಕೆಲಸ ಮುಗಿದೊಡನೆ ಪ್ಲಗ್ ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಸೀಳುಗಳಲ್ಲಿ ಕೂತ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು ಡಬ್ಬಿಯಲ್ಲಿ ಮಲಗಿಸುವಳು. ಖಂಡೇನವಮಿಯ ದಿನ ಮಾತ್ರ ತುಕಾರಾಮ ಎಡವಟ್ಟು ಮಾಡಿದ. ಹೆಂಡತಿ ಒಲೆಯ ಮುಂದಿದ್ದಾಗ ಮಷಿನ್ನಿಗೆ ಹೂವು ಏರಿಸಿ, "ಬಿರೋಬಾಚ್ಯಾ ನಾವಾನ ಚಾಂಗಭಲ" ಎಂದು ಜಯಕಾರ ಹಾಕಿ ಒಂದು ಮುಷ್ಟಿ ಭಂಡಾರ ತೂರಿಬಿಟ್ಟ. ಭಂಡಾರವೆಂದರೆ ಅರಿಶಿನದ ಪುಡಿ, ಸೀಳಿನೊಳಗೆ ಇಳಿಯದೆ ಬಿಡುತ್ತದೆಯೇ? ದಸರೆ ಮುಗಿಸಿ ಯಾರದೋ ಸುಣ್ಣ ಹಚ್ಚಿದ ಗೋಡೆಯ ಮುಂದೆ ಗುಂಡಿ ಒತ್ತಿದರೆ ಮಷಿನ್ನು ಹಳದಿಯಾಗಿ ಸೀನಿತು, ಕಿಡಿ ಕಾರಿತು, ನಿಂತಿತು. ಸೊಲ್ಲಾಪುರದ ರಿಪೇರಿಯ ಸಾತಲಿಂಗಪ್ಪ ಅದನ್ನು ಬಿಚ್ಚಿ ಮೂಸಿ ನೋಡಿ ಕೇಳಿದ, "ತಂಗಿ, ಇದರಾಗ ಒಗ್ಗರಣಿ ಹಾಕಿಯೇನ?" ಒಳಗಿನ ಕಾರ್ಬನ್ ತುಣುಕುಗಳು ಸವೆದದ್ದೂ ಆಗಲೇ ಕಂಡು, ಬದಲಾಯಿಸಿಕೊಟ್ಟ. ಅಂದಿನಿಂದ ಪೂಜೆ ಮುಚ್ಚಿದ ಡಬ್ಬಿಯ ಮೇಲೆಯೇ ಆಗುತ್ತದೆ. ಬಿರೋಬಾನ ತಕರಾರು ಇದ್ದಂತಿಲ್ಲ.

ಬಳೆಯ ಮಾತಿಗೆ ಬರೋಣ. ರೇವಮ್ಮ ಎಡಗೈಯಲ್ಲಿ ಮುಂದಿನ ಹಿಡಿ ಹಿಡಿಯುತ್ತಾಳೆ, ತಿರುಗುವ ತಲೆ ಅಲ್ಲಿಂದ ಮೂರೇ ಬೆರಳು ದೂರ. ಬಳೆ ಜಾರಿದರೆ ಅಲ್ಲಿಗೇ ಹೋಗಿ ಬಡಿಯುವುದು. ಮೊದಮೊದಲು ಬಳೆಗಳನ್ನು ಮೇಲೆ ಸರಿಸಿ ಬಟ್ಟೆ ಕಟ್ಟಿಕೊಂಡಳು. ಮಷಿನ್ನಿನ ನಡುಕಕ್ಕೆ ಬಟ್ಟೆಯೇ ಸಡಿಲಾಗಿ ತುದಿ ಜೋತುಬಿತ್ತು, ಅದನ್ನು ಕಂಡವಳಿಗೆ ಉಣ್ಣೆಯ ಬಾಲ ಕಣ್ಣಿಗೆ ಕಟ್ಟಿತು. ಇನ್ನೊಂದು ಸಲ ಎರಡು ಬಳೆ ಒಡೆದು ಚೂರು ಕನ್ನಡಕಕ್ಕೆ ಸಿಡಿಯಿತು. ಈ ಕಡೆ ಬಳೆ ಒಡೆಯಿತು ಅನ್ನುವ ಹಾಗಿಲ್ಲ, ಹೆಚ್ಚಿತು ಅನ್ನಬೇಕು. ಹೆಚ್ಚಿದ ಬಳೆಯನ್ನು ಗುಡಿಸಿ ಹಾಕಿ, ಉಳಿದವನ್ನೂ ತೆಗೆದು ಗೂಡಿನಲ್ಲಿಟ್ಟು, ರೇವಮ್ಮ ಬರಿಗೈಯಲ್ಲಿ ಕೆಲಸ ಶುರು ಮಾಡಿದಳು.

ಕುಂಕುಮ ವಸ್ತ್ರದ ಕೆಳಗೆ, ತಾಳಿ ರವಿಕೆಯ ಒಳಗೆ, ಕೈ ಬೋಳು. ನೋಡಿದ ಜನ ತಮ್ಮಷ್ಟಕ್ಕೆ ತಾವೇ ತುಕಾರಾಮನನ್ನು ಸಾಯಿಸಿಬಿಟ್ಟರು.

ಅವನು ಸತ್ತ ಸುದ್ದಿ ರೇವಮ್ಮನಿಗೆ ಗೊತ್ತಾದದ್ದು ಸೊಲ್ಲಾಪುರದಲ್ಲಿ, ಸಂಕ್ರಾಂತಿಯ ಮರುವಾರ. ನಿವೃತ್ತ ಬ್ಯಾಂಕ್ ಗುಮಾಸ್ತ ಚಂದ್ರಶೇಖರರ ಮನೆಗೆ ಬಚ್ಚಲ ಕನ್ನಡಿ ಕೂಡಿಸಲು ಹೋಗಿದ್ದಳು. ಅವರ ಹೆಂಡತಿ ಅಂಬಾಬಾಯಿ ಒಳ್ಳೆಯ ಹೆಂಗಸು, ಕರುಣೆ ಸ್ವಲ್ಪ ಹೆಚ್ಚು. ಬಾಗಿಲಲ್ಲಿ ನಿಂತು ರೇವಮ್ಮನ ಕೈ ನೋಡಿ ಲೊಚಗುಟ್ಟಿದರು.

"ಪಾಪ, ಬಿಚಾರಿ! ನಿನ್ನ ಗಂಡ ಪುಣ್ಯವಂತ ನೋಡವಾ. ಹೋಗ್ತಾ ನಿನ್ನ ಕೈಯಾಗ ಒಂದ ಕೆಲಸ ಕೊಟ್ಟು ಹೋಗ್ಯಾನ."

ಬಿಟ್ ಗೋಡೆಯಲ್ಲಿ ಅರ್ಧ ಇಳಿದಿತ್ತು. ಮಷಿನ್ ತಿರುಗುವಾಗ ರೇವಮ್ಮ ಮಾತಾಡುವವಳಲ್ಲ, ತಲೆಯನ್ನೂ ಹೊರಳಿಸುವವಳಲ್ಲ. ತೂತು ಮುಗಿಸಿ, ಪ್ಲಗ್ ಕಿತ್ತು, ಮೂಗಿನ ವಸ್ತ್ರ ಇಳಿಸಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಹೆಂಗಸರು ಸಂಕ್ರಾಂತಿಯ ಎಳ್ಳು ಕೊಡಲು ಬಂದಿದ್ದರು. ಅಂಬಾಬಾಯಿ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಅರಿಶಿನ-ಕುಂಕುಮ ಹಚ್ಚುತ್ತ ಬಂದರು. ರೇವಮ್ಮನ ಮುಂದೆ ಬಂದಾಗ ಕೈ ತಡೆಯಿತು, ತಟ್ಟೆ ಮುಂದಿನವಳಿಗೆ ಹೋಯಿತು. ರೇವಮ್ಮನ ಅಂಗೈಗೆ ಎರಡು ಎಳ್ಳುಂಡೆ ಬಿದ್ದವು, ಅದೂ ಬಲು ಪ್ರೀತಿಯಿಂದ. ಆ ಹೊತ್ತಿನಲ್ಲಿ "ನನ್ನ ಗಂಡ ಅದಾನ ರೀ" ಎಂದು ಹೇಳಿ ಕುಂಕುಮ ಬೇಡುವುದೆಂದರೆ ಭಿಕ್ಷೆ ಬೇಡಿದಂತೆ ಅನ್ನಿಸಿತು. ಡಬ್ಬಿ ಎತ್ತಿಕೊಂಡು ಬಂದುಬಿಟ್ಟಳು.

ಮನೆಯಲ್ಲಿ ತುಕಾರಾಮ ರೊಟ್ಟಿ ತಿನ್ನುತ್ತ ಕೂತಿದ್ದ. ಕರಜಗಿಯಿಂದ ಸುಗಲಾಬಾಯಿಯೂ ಬಂದಿದ್ದಳು. ರೇವಮ್ಮ ನಡೆದದ್ದನ್ನು ನಡೆದಂತೆ ಹೇಳಿದಳು.

"ಹೋಗ್ಯಾನಂದ್ರ? ನಾ ಎಲ್ಲಿ ಹೋಗೀನಿ?" ತುಕಾರಾಮ ಕೈಯಲ್ಲಿದ್ದ ತುತ್ತು ಇಳಿಸಿದ. "ಇಲ್ಲೇ ಕುಂತು ರೊಟ್ಟಿ ತಿನ್ನಾಕತ್ತೀನಿ!"

"ಜನರಿಗೇನ ಕನಸ ಬೀಳ್ತದೇನೋ?" ಸುಗಲಾಬಾಯಿ ಸಮಯ ನೋಡಿ ಎದ್ದಳು. "ಮುತ್ತೈದಿ ಕೈ ಬೋಳ ಮಾಡ್ಕೊಂಡು ಊರ ತಿರುಗಿದ್ರ ಮತ್ತೇನ ಅಂತಾರ? ನನ್ನ ತಮ್ಮನ ಆಯುಷ್ಯ ಆಕಿ ಕೈಯಾಗ ಅದ. ಇರೂ ಗಂಡನ್ನ ಇಲ್ಲಂತ ಮಾಡಿ ಬಂದಾಳ ನೋಡು!"

"ಅಕ್ಕಾರ, ಇವರ ಕೈ ಹೆಂಗಾತು ಅಂತ ನಿಮಗ ಗೊತ್ತದಲ್ರಿ."

"ಅದು ಉಣ್ಣಿ. ಇದು ಗಾಜು."

ಸುಗಲಾಬಾಯಿ ಮರುದಿನವೇ ಬಳೆಗಾರ ಕಾಸಾರನನ್ನು ಮನೆಗೇ ಕರೆಸಿ, ರೇವಮ್ಮನ ಎರಡೂ ಕೈಗೆ ಹಸಿರು ಬಳೆ ಇಡಿಸಿದಳು. ಇಂಥ ಬಿಗಿ ಬಳೆ, ಸಾಬೂನು ಹಚ್ಚದೆ ಹೊರಗೆ ಬರುವಂಥವಲ್ಲ. ತುಕಾರಾಮ ಮುಖ ಆಚೆ ತಿರುಗಿಸಿಕೊಂಡು ತೀರ್ಪು ಹೇಳಿದ.

"ಇನ್ನ ಬಳಿ ತೆಗೀಬ್ಯಾಡ. ತೆಗಿಯೂದಿದ್ರ ಮಷಿನ್ ಬ್ಯಾಡ. ಬದುಕಿರೂ ಮುಂದನs ನನ್ನ ತಿಥಿ ಮಾಡಸ್ಕೊಳ್ಳಾಕ ನನಗ ಆಗೂದಿಲ್ಲ."

ರೇವಮ್ಮ ಅತ್ತಳು. ಮಷಿನ್ ಬಿಟ್ಟರೆ ಮನೆ ನಡೆಯುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಆಕೆಗೆ ಆ ಕೆಲಸ ಇಷ್ಟವಾಗಿತ್ತು. ಬಳೆ ಹಾಕಿಕೊಂಡು ಹಿಡಿದರೆ ಇವತ್ತಲ್ಲ ನಾಳೆ ತನ್ನ ಕೈಯೂ ಗಂಡನ ಕೈಯ ಪಕ್ಕಕ್ಕೆ ಬಂದು ಕೂರುತ್ತದೆ. ಇಬ್ಬರಲ್ಲಿ ಒಬ್ಬರಿಗಾದರೂ ನೆಟ್ಟಗಿನ ಕೈ ಬೇಡವೇ? ಹಾಗೆಂದು ಗಂಡನ ಮುಖ ನೋಡಿದರೆ ಅದೂ ತಡೆಯಲಾಗದು. ಗಲ್ಲಿಯ ಕಟ್ಟೆಯ ಮೇಲೆ ಕೂರುವುದನ್ನೂ ಅವನು ಬಿಟ್ಟಿದ್ದ.

ರಥಸಪ್ತಮಿಗೆ ಮೊದಲು ಅಂಬಾಬಾಯಿಯಿಂದ ಮತ್ತೆ ಫೋನು ಬಂತು. ಓಣಿಯ ಹೆಂಗಸರನ್ನೆಲ್ಲ ಕರೆದ ಅವರ ಮನೆಯ ದೊಡ್ಡ ಅರಿಶಿನ-ಕುಂಕುಮ ಆ ದಿನ ಮಧ್ಯಾಹ್ನಕ್ಕೆ ಇತ್ತು, ಅದಕ್ಕೆ ಮೊದಲು ಪಡಸಾಲೆಯ ಗೋಡೆಗೆ ಮಡಚುವ ಟೇಬಲ್ಲು ಕೂಡಿಸಬೇಕಿತ್ತು. ತುಕಾರಾಮ ತಾನೂ ಬರುತ್ತೇನೆಂದ. ಮದುವೆಗೆ ಹೋಗುವವನ ಹಾಗೆ ಬಿಳಿ ಧೋತರ ಉಟ್ಟು, ರುಮಾಲು ಸುತ್ತಿ, ಸೊಲ್ಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಎಲ್ಲರಿಗೂ ಕಾಣುವಂತೆ ಕೂತ.

ಬಾಗಿಲು ತೆರೆದ ಅಂಬಾಬಾಯಿ, "ಇವ್ರು ಯಾರವಾ?" ಎಂದರು.

"ನಾನs ರೀ," ಎಂದ ತುಕಾರಾಮ. "ಆ ಹೋದಾವ."

"ಅಗ ಬಾಯಿ!" ಎಂದು ಅಂಬಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ನಾಚಿಕೆಯಿಂದ ಅವರ ಕಿವಿ ಕೆಂಪಾದವು. ಅವನಿಗೆ ಕುರ್ಚಿ ಹಾಕಿ, ಬೇಡವೆಂದರೂ ಎರಡು ಸಲ ಚಹಾ ಕೊಟ್ಟರು.

ಹೆಂಗಸರು ಆಗಲೇ ಬಂದು ಚಾಪೆಯ ಮೇಲೆ ಕೂರತೊಡಗಿದ್ದರು. ರೇವಮ್ಮ ಗೋಡೆ ನೋಡಿದಳು, ವೈರು ತಡವಿದಳು, ಬಿಟ್ ಬಿಗಿದಳು. ಬಳೆಗಳನ್ನು ಆದಷ್ಟು ಮೇಲೆ ಸರಿಸಿ ಬಟ್ಟೆ ಸುತ್ತಿ ಕಟ್ಟಿದಳು. ತುಕಾರಾಮ ಬೋರ್ಡಿನ ಪಕ್ಕದ ಕುರ್ಚಿಯಲ್ಲಿದ್ದ, ಪ್ಲಗ್ ಅವನ ಎಡಗೈಗೆ ಕೊಟ್ಟಳು. ತಾನು ಹೇಳುವ ತನಕ ಪ್ಲಗ್ ಒಳಗೆ ಹೋಗಕೂಡದು, ಇದು ಆಕೆಯ ಕಾಯಿದೆ. ಟೇಬಲ್ಲಿನ ತೂತು ಸೊಂಟದ ಎತ್ತರಕ್ಕೆ. ಬಗ್ಗಿ ನಿಂತು ಎರಡೂ ಕೈಯಲ್ಲಿ ಮಷಿನ್ ಹಿಡಿದಳು. ಕೈ ಕೆಳಮುಖವಾಯಿತು, ಬಟ್ಟೆಯ ಗಂಟು ಸಡಿಲಾಯಿತು, ಎಡಗೈಯ ಬಳೆಗಳು ಒಂದರ ಹಿಂದೊಂದು ಜಾರಿ ಮಣಿಕಟ್ಟಿಗೆ ಬಂದವು.

ರೇವಮ್ಮನಿಗೆ ಅದು ಕಂಡಿತು. ಹೆದರಿಕೆಯೂ ಆಯಿತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ನಡೆಯಲಿ, ಇವರಿಗೆ ಬೇಕಾದದ್ದೇ ನಡೆಯಲಿ ಅಂದುಕೊಂಡಳು.

"ಹಾಕ್ರಿ," ಎಂದಳು.

ತುಕಾರಾಮ ಪ್ಲಗ್ ಹಾಕಲಿಲ್ಲ.

"ಹಾಕ್ರಿ ಅಂದೆ."

ಅವನು ಬಳೆ ನೋಡುತ್ತಿದ್ದ. ಬಳೆಗೂ ಬಿಟ್ಟಿಗೂ ನಡುವಿನ ಆ ಮೂರು ಬೆರಳ ಜಾಗ ನೋಡುತ್ತಿದ್ದ. ಬಟ್ಟೆಯ ತುದಿ ಜೋತಾಡುವುದನ್ನು ನೋಡುತ್ತಿದ್ದ. ನಾಗಣಸೂರದ ಆ ಮನೆಯಲ್ಲಿ ಕೇಳಿದ ಸಪ್ಪಳ ಇಷ್ಟು ದಿನದ ಮೇಲೆ ಅವನ ಕಿವಿಗೆ ಬಂತೋ ಏನೋ. ಪ್ಲಗ್ಗನ್ನು ತೊಡೆಯ ಮೇಲಿಟ್ಟುಕೊಂಡ.

"ಅಮ್ಮಾರ, ಒಂದೀಟು ಸಾಬೂನ ನೀರ ಕೊಡ್ರಿ," ಎಂದ. ಹೆಂಡತಿಯ ಕಡೆ ತಿರುಗಿ, "ಕೈ ತಾ ಇಲ್ಲಿ," ಎಂದ.

ನೀರು ಬಂತು. ಅಷ್ಟು ಹೆಂಗಸರ ಮುಂದೆ ತುಕಾರಾಮ ಹೆಂಡತಿಯ ಕೈ ಹಿಡಿದು ಸಾಬೂನು ಸವರಿ ಒಂದೊಂದೇ ಬಳೆ ಇಳಿಸತೊಡಗಿದ. ಮಡಚದ ಬೆರಳುಗಳು ನಡುವೆ ಅಡ್ಡ ಬರುತ್ತಿದ್ದವು. ಒಂದು ಬಳೆ ಅವನ ಕೈಯಲ್ಲೇ ಚಟ್ಟೆಂದಿತು. ಚಾಪೆಯ ಮೇಲಿನ ಹಿರಿಯ ಹೆಂಗಸೊಬ್ಬಳಿಗೆ ತಡೆಯಲಾಗಲಿಲ್ಲ.

"ಶಿವಾ ಶಿವಾ! ಗಂಡ ಇದ್ದಾಂಗs ಬಳಿ ತೆಗೀತಾರೇನ?"

"ಗಂಡನs ತೆಗ್ಯಾಕತ್ತಾನ ರೀ," ತುಕಾರಾಮ ತಲೆ ಎತ್ತದೆ ಹೇಳಿದ. "ಇದ್ದದ್ದಕ್ಕs ತೆಗ್ಯಾಕತ್ತೀನಿ. ಸತ್ತಿದ್ರ ಯಾರ ತೆಗೀತಿದ್ರು ಅಂತ ನಿಮಗೂ ಗೊತ್ತದ."

ರೇವಮ್ಮನ ಕನ್ನಡಕದ ಒಳಗೆ ನೀರು ತುಂಬಿತು, ಆಕೆ ಅದನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು, ಮಸುಕಾದ ಕನ್ನಡಕದಲ್ಲಿ ತೂತು ಹಾಕುವುದು ಸರಿಯಲ್ಲ. ಕೈಯನ್ನೂ ಚೆನ್ನಾಗಿ ಒಣಗಿಸಿಕೊಂಡಳು. ತೆಗೆದ ಬಳೆಗಳನ್ನು ಎಲ್ಲಿಡುವುದೆಂದು ತುಕಾರಾಮ ಅತ್ತಿತ್ತ ನೋಡಿದ. ನೆಲದ ಮೇಲೆ ಇಡುವಂತಿಲ್ಲ, ಜೇಬಿನಲ್ಲಿ ಹಾಕಿದರೆ ಹೆಚ್ಚುತ್ತವೆ. ಕೊನೆಗೆ ತನ್ನ ಬಲಗೈಯ ಆ ಎರಡು ನೆಟ್ಟ ಬೆರಳಿಗೆ ಏರಿಸಿಕೊಂಡ. ಗೂಟಕ್ಕೆ ಹಾಕಿದ ಹಾಗೆ ಅವು ಅಲ್ಲಿ ನಿಂತವು.

ಟೇಬಲ್ಲು ಕೂತಿತು. ಅಂಬಾಬಾಯಿ ತಟ್ಟೆ ತಂದು, ಧೂಳು ಮೆತ್ತಿದ ರೇವಮ್ಮನ ಹಣೆಗೇ ಎಲ್ಲರಿಗಿಂತ ಮೊದಲು ಕುಂಕುಮ ಹಚ್ಚಿದರು. ತುಕಾರಾಮ ಬಳೆಗಳನ್ನು ಒಂದೊಂದಾಗಿ ಮರಳಿ ಏರಿಸಿದ, ಅದಕ್ಕೆ ತೂತು ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸುಗಲಾಬಾಯಿಗೆ ಈ ಸಂಗತಿ ಯಾರೋ ಮುಟ್ಟಿಸಿದರು. ಆಕೆ ಒಂದಷ್ಟು ದಿನ ಫೋನು ಎತ್ತಲಿಲ್ಲ, ಆಮೇಲೆ ಎತ್ತಿದಳು.

ಈಗ ಇಬ್ಬರೂ ಕೂಡಿಯೇ ಹೋಗುತ್ತಾರೆ. ಬಳೆಯನ್ನು ಒಂದು ನಂಬರು ದೊಡ್ಡದು ಮಾಡಿಸಿದ್ದಾರೆ, ಸಾಬೂನು ಬೇಕಾಗುವುದಿಲ್ಲ. ರೇವಮ್ಮ ಗೋಡೆ ನೋಡಿ, ವೈರು ತಡವಿ, ಬಿಟ್ ಬಿಗಿದು ಆದ ಮೇಲೆ ಗಂಡನ ಮುಂದೆ ಕೈ ಚಾಚುತ್ತಾಳೆ. ಅವನು ಬಳೆ ಇಳಿಸಿ ಬೆರಳಿಗೆ ಹಾಕಿಕೊಂಡು ಬೋರ್ಡಿನ ಪಕ್ಕ ಕೂರುತ್ತಾನೆ. ಆ ಮನೆಯವರು ಹಸಿರು ಬಳೆ ತೊಟ್ಟ ಬೆರಳು ಯಾವ ಕಡೆ ತೋರಿಸುತ್ತಿದೆ ಎಂದು ಒಮ್ಮೆ ಹೊರಳಿ ನೋಡುತ್ತಾರೆ.

"ಬೀಳಿಸೀರಿ ಮತ್ತ," ಎನ್ನುತ್ತಾಳೆ ರೇವಮ್ಮ.

"ಮಡಚಿದ್ರ ಅಲ್ಲ ಬೀಳೂದು?" ಎನ್ನುತ್ತಾನೆ ತುಕಾರಾಮ. "ಬಿರೋಬಾ ನೋಡ್ಕೊಂಡs ನೆಟ್ಟಗ ಮಾಡ್ಯಾನ."

ಆಕೆ ಕನ್ನಡಕ ಸರಿಪಡಿಸಿಕೊಂಡು ಎರಡೂ ಬರಿಗೈಯಲ್ಲಿ ಮಷಿನ್ ಹಿಡಿಯುತ್ತಾಳೆ.

"ಹಾಕ್ರಿ," ಎನ್ನುತ್ತಾಳೆ. ಅವನು ಆಕೆಯ ಮಣಿಕಟ್ಟನ್ನು ಇನ್ನೊಮ್ಮೆ ನೋಡಿ, ಹಾಕುತ್ತಾನೆ.